ಇಲಾಖೆ, ಖಾತೆ, ವಿಭಾಗ: ಮುಂಬಯಿಯ ಕಾರ್ಯವಿಭಜನೆಯ ಚರಿತ್ರೆ

1

'ಇಲಾಖೆ' ಎಂಬ ಶಬ್ದಕ್ಕೆ ಕನ್ನಡದಲ್ಲಿ ಒಂದು ವಿಚಿತ್ರವಾದ ಇತಿಹಾಸವುಂಟು. ಅರಬ್ಬಿಯಿಂದ ಹೊರಟು ಪಾರಸಿ, ಉರ್ದುಗಳ ಮಾರ್ಗವಾಗಿ ದೇಶಭಾಷೆಗಳಿಗೆ ಬಂದ ಈ ಶಬ್ದದ ಮೂಲಾರ್ಥ 'ಸಂಬಂಧ' ಎಂದು. ಮೈಸೂರು ಸಂಸ್ಥಾನದ ಕನ್ನಡದಲ್ಲಿ ಅದು ಸರಕಾರದ ಒಂದು ಕಾರ್ಯಶಾಖೆಗೆ ಹೆಸರಾಯಿತು. ವಿದ್ಯಾ ಇಲಾಖೆ, ಅರಣ್ಯ ಇಲಾಖೆ ಎಂಬ ಪ್ರಯೋಗಗಳು ಅಲ್ಲಿ ರೂಢಿಯಾದವು. ಆದರೆ ಧಾರವಾಡ, ಬೆಳಗಾಂವಿಗಳ ಕನ್ನಡದಲ್ಲಿ ಅದೇ ಶಬ್ದವು ಪ್ರದೇಶವಾಚಕವಾಗಿದ್ದಿತು. 'ಮುಂಬಯಿ ಇಲಾಖೆ' ಎಂದರೆ ಕಚೇರಿಯಲ್ಲ, ಮುಂಬಯಿಯ ಗವರ್ನರನ ಆಳಿಕೆಗೊಳಪಟ್ಟ ಇಡೀ ಪ್ರಾಂತ. ಕಾರ್ಯಶಾಖೆಗೆ ಅಲ್ಲಿಯವರು ಬಳಸುತ್ತಿದ್ದ ಶಬ್ದ 'ಖಾತೆ'. ಹೀಗಾಗಿ 'ಮುಂಬಯಿ ಇಲಾಖೆಯ ವಿದ್ಯಾಖಾತೆ' ಎಂಬ ಮಾತು ಧಾರವಾಡದವನಿಗೆ ಸಹಜವಾಗಿದ್ದರೆ, ಮೈಸೂರಿನವನಿಗೆ ಎರಡು ಇಲಾಖೆಗಳು ಒಂದರ ಮೇಲೊಂದು ಬಿದ್ದಂತೆ ತೋರಿರಬೇಕು.

ಇದು ಕೇವಲ ಶಬ್ದಕೋಶದ ಕುತೂಹಲವಲ್ಲ. ಬಹುಜನರು ಸೇರಿ ಮಾಡಬೇಕಾದ ಕೆಲಸವನ್ನು ಹಂಚುವುದಕ್ಕೆ ಇರುವ ಎರಡು ಮುಖ್ಯ ಮಾರ್ಗಗಳೇ ಈ ಒಂದು ಶಬ್ದದ ಎರಡು ಅರ್ಥಗಳಲ್ಲಿ ಅಡಗಿವೆ. ಕೆಲಸದ ಸ್ವರೂಪವನ್ನು ನೋಡಿ ಹಂಚುವುದು ಒಂದು. ಕೆಲಸ ನಡೆಯುವ ಸ್ಥಳವನ್ನು ನೋಡಿ ಹಂಚುವುದು ಇನ್ನೊಂದು. ಮುಂಬಯಿಯ ಸಚಿವಾಲಯ, ರೈಲ್ವೆ, ಗಿರಣಿ, ನಗರಪಾಲಿಕೆ ಈ ನಾಲ್ಕೂ ಸಂಸ್ಥೆಗಳು ಕಳೆದ ಒಂದೂವರೆ ಶತಮಾನಕ್ಕೂ ಮೀರಿದ ಅವಧಿಯಲ್ಲಿ ಈ ಎರಡು ಮಾರ್ಗಗಳ ನಡುವೆ ತೂಗಾಡುತ್ತ ಬಂದಿವೆ. ಆ ತೂಗಾಟದ ಫಲವನ್ನು ಕನ್ನಡ ಜನತೆ, ಆಳಿಸಿಕೊಂಡವರಾಗಿ ಮೊದಲು, ವಲಸೆ ಬಂದ ನಾಗರಿಕರಾಗಿ ಅನಂತರ, ಅನುಭವಿಸಿದೆ.

2

ಪ್ರಶ್ನೆಯು ಬಹು ಪ್ರಾಚೀನವಾದುದು. ಅರಿಸ್ಟಾಟಲನು ತನ್ನ ರಾಜನೀತಿಯ ಗ್ರಂಥದ ನಾಲ್ಕನೆಯ ಭಾಗದಲ್ಲಿಯೇ ಇದನ್ನು ಎತ್ತಿದ್ದಾನೆ: ಅಧಿಕಾರಗಳನ್ನು ವಿಷಯಾನುಸಾರ ಹಂಚಬೇಕೋ, ಸ್ಥಳಾನುಸಾರ ಹಂಚಬೇಕೋ, ಅಥವಾ ಆಳಿಸಿಕೊಳ್ಳುವ ವ್ಯಕ್ತಿಗಳ ವರ್ಗಾನುಸಾರ ಹಂಚಬೇಕೋ? ಭಾರತದಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವು ಎರಡು ಕ್ರಮಗಳನ್ನೂ ಒಟ್ಟಿಗೆ ಇಟ್ಟಿದೆ. ಅದರ ಎರಡನೆಯ ಅಧಿಕರಣದ ಹೆಸರೇ 'ಅಧ್ಯಕ್ಷಪ್ರಚಾರ'. ಸೀತಾಧ್ಯಕ್ಷ, ಸೂತ್ರಾಧ್ಯಕ್ಷ, ಪಣ್ಯಾಧ್ಯಕ್ಷ ಮೊದಲಾದವರು ಕೃಷಿ, ನೂಲು, ವ್ಯಾಪಾರಗಳೆಂಬ ಒಂದೊಂದು ಕಾರ್ಯಕ್ಕೆ ಒಡೆಯರು. ಅವರ ಜೊತೆಯಲ್ಲಿಯೇ ಜನಪದದ ನಾಲ್ಕನೆಯ ಒಂದು ಭಾಗಕ್ಕೆ ಸ್ಥಾನಿಕನೂ, ಐದು ಅಥವಾ ಹತ್ತು ಹಳ್ಳಿಗಳಿಗೆ ಗೋಪನೂ ಇರುತ್ತಾರೆ. ನಗರದಲ್ಲಿಯೂ ನಾಗರಕನ ಕೈಕೆಳಗೆ ಇದೇ ವ್ಯವಸ್ಥೆ. ಅಧ್ಯಕ್ಷನು ಕೆಲಸವನ್ನು ಬಲ್ಲನು. ಗೋಪನು ಮನೆಮನೆಯನ್ನು ಬಲ್ಲನು. ಈ ಗ್ರಂಥದ ಹಸ್ತಪ್ರತಿಯನ್ನು ಗುರುತಿಸಿ 1909ರಲ್ಲಿ ಪ್ರಕಟಿಸಿದವರು ಮೈಸೂರಿನ ಆರ್. ಶಾಮಶಾಸ್ತ್ರಿಗಳೆಂಬುದು ಕನ್ನಡಿಗರು ಅಭಿಮಾನದಿಂದ ನೆನೆಯಬೇಕಾದ ಸಂಗತಿ.

ಕನ್ನಡನಾಡಿನ ಶಾಸನಗಳಲ್ಲಿ 'ಬಾಹತ್ತರ ನಿಯೋಗ'ಗಳ, ಎಂದರೆ ಎಪ್ಪತ್ತೆರಡು ಅಧಿಕಾರಸ್ಥಾನಗಳ, ಉಲ್ಲೇಖ ಮೇಲಿಂದ ಮೇಲೆ ಬರುತ್ತದೆ. ಮೈಸೂರಿನ ಚಿಕ್ಕದೇವರಾಜ ಒಡೆಯರು (ಆಳಿಕೆ 1673–1704) ಆಡಳಿತವನ್ನು ಹದಿನೆಂಟು ಕಚೇರಿಗಳಾಗಿ ವಿಂಗಡಿಸಿದರೆಂದು ಪ್ರಸಿದ್ಧಿಯುಂಟು. ಆ 'ಅಠಾರ ಕಚೇರಿ'ಯ ಹೆಸರು ಬೆಂಗಳೂರಿನ ಉಚ್ಚ ನ್ಯಾಯಾಲಯದ ಕೆಂಪು ಕಟ್ಟಡಕ್ಕೆ ಅಂಟಿಕೊಂಡು ಉಳಿದಿದೆ.

ಆಧುನಿಕ ಕಾಲದಲ್ಲಿ ಈ ಪ್ರಶ್ನೆ ಶಾಸ್ತ್ರದ ವೇಷವನ್ನು ತೊಟ್ಟಿತು. 1918ರಲ್ಲಿ ಬ್ರಿಟನ್ನಿನ ಹಾಲ್ಡೇನ್ ಸಮಿತಿಯು, ಇಲಾಖೆಗಳನ್ನು ಜನವರ್ಗಗಳಿಗನುಸಾರವಾಗಿ ಅಲ್ಲ, ಸಲ್ಲಿಸುವ ಸೇವೆಗನುಸಾರವಾಗಿ ರಚಿಸಬೇಕೆಂದು ಸೂಚಿಸಿತು. 1937ರಲ್ಲಿ ಅಮೆರಿಕದ ಲೂಥರ್ ಗುಲಿಕ್ ಎಂಬಾತನು ಉದ್ದೇಶ, ಪ್ರಕ್ರಿಯೆ, ವ್ಯಕ್ತಿ, ಸ್ಥಳ ಎಂಬ ನಾಲ್ಕು ಆಧಾರಗಳನ್ನು ಪಟ್ಟಿಮಾಡಿದನು. ಹರ್ಬರ್ಟ್ ಸೈಮನ್ 1946ರಲ್ಲಿ ಅವುಗಳನ್ನು ಗಾದೆಗಳಿಗೆ ಹೋಲಿಸಿದನು: ಪ್ರತಿಯೊಂದು ಗಾದೆಗೂ ಅದಕ್ಕೆ ವಿರುದ್ಧವಾದ ಇನ್ನೊಂದು ಗಾದೆಯುಂಟು, ಒಂದು ಆಧಾರದಿಂದ ದೊರೆಯುವ ಲಾಭವು ಇನ್ನೊಂದರ ಲಾಭವನ್ನು ತ್ಯಜಿಸಿಯೇ ದೊರೆಯತಕ್ಕದ್ದು. ಮುಂಬಯಿಯ ಚರಿತ್ರೆಯು ಸೈಮನ್ನನ ಈ ಮಾತಿಗೆ ವಿಸ್ತಾರವಾದ ಭಾಷ್ಯದಂತಿದೆ.

3

19ನೆಯ ಶತಮಾನದ ಉತ್ತರಾರ್ಧದಲ್ಲಿ ಮುಂಬಯಿ ಸರಕಾರದ ರಚನೆಯು ಎರಡು ಅಕ್ಷಗಳ ಮೇಲೆ ನಿಂತಿದ್ದಿತು. 1874ರಲ್ಲಿ ಪೂರ್ಣವಾದ ಸಚಿವಾಲಯದ ಭವನದಲ್ಲಿ ಕಂದಾಯ, ನ್ಯಾಯ, ಲೋಕೋಪಯೋಗಿ ಮುಂತಾದ ಖಾತೆಗಳಿದ್ದು ಪ್ರತಿಯೊಂದರ ಕಾಗದಪತ್ರಗಳೂ ಪ್ರತ್ಯೇಕವಾಗಿ ಸಾಗುತ್ತಿದ್ದವು. ಭವನದ ಹೊರಗೆ ಪ್ರಾಂತವು ಉತ್ತರ, ಮಧ್ಯ, ದಕ್ಷಿಣ ಎಂಬ ಮೂರು ವಿಭಾಗಗಳಾಗಿ ಹಂಚಲ್ಪಟ್ಟು ಪ್ರತಿಯೊಂದಕ್ಕೂ ಒಬ್ಬ ಕಮಿಷನರನಿದ್ದನು. ಸಿಂಧ್ ಪ್ರಾಂತಕ್ಕೆ ಬೇರೆಯೇ ಕಮಿಷನರನು. ಬೆಳಗಾಂವಿಯನ್ನು ಕೇಂದ್ರವಾಗಿ ಉಳ್ಳ ದಕ್ಷಿಣ ವಿಭಾಗದಲ್ಲಿ ಬೆಳಗಾಂವಿ, ವಿಜಾಪುರ, ಧಾರವಾಡ, ಕಾರವಾರ ಕೇಂದ್ರವಾದ ಕನ್ನಡ ಜಿಲ್ಲೆ ಇವುಗಳೊಡನೆ ಕೊಂಕಣದ ರತ್ನಾಗಿರಿ, ಕೊಲಾಬಾ ಜಿಲ್ಲೆಗಳೂ ಸೇರಿದ್ದವು.

ಇಲ್ಲಿ ಗಮನಿಸತಕ್ಕ ವಿಷಯವೇನೆಂದರೆ, ಸಚಿವಾಲಯದ ಯಾವ ಖಾತೆಯ ದೃಷ್ಟಿಯಲ್ಲಿಯೂ ನಾಲ್ಕು ಕನ್ನಡ ಜಿಲ್ಲೆಗಳು 'ಒಂದು' ವಸ್ತುವಾಗಿರಲಿಲ್ಲ. ಕಂದಾಯ ಖಾತೆಗೆ ಅವು ಭೂಮಾಪನದ ಕ್ಷೇತ್ರಗಳು. ಅರಣ್ಯಖಾತೆಗೆ ಕಾರವಾರದ ಘಟ್ಟವೊಂದು ತೇಗದ ಭಂಡಾರ. ಲೋಕೋಪಯೋಗಿ ಖಾತೆಗೆ ರಸ್ತೆ, ಕೆರೆಗಳ ಲೆಕ್ಕ. ಕಮಿಷನರನ ದೃಷ್ಟಿಯಲ್ಲಿಯೂ ಅವು ಆರು ಜಿಲ್ಲೆಗಳಲ್ಲಿ ನಾಲ್ಕು ಮಾತ್ರ. ಕೆಲಸದಿಂದ ಹಂಚಿದರೂ, ಸ್ಥಳದಿಂದ ಹಂಚಿದರೂ, ಕನ್ನಡವು ಎಲ್ಲಿಯೂ ಒಂದು ಶೀರ್ಷಿಕೆಯಾಗಿ ಕಾಣಬರಲಿಲ್ಲ. ಇದಕ್ಕೆ ಸೇರಿ, ಕನ್ನಡ ಜಿಲ್ಲೆಯ ಉತ್ತರಭಾಗವನ್ನು 1862ರಲ್ಲಿ ಮದರಾಸಿನಿಂದ ಬಿಡಿಸಿ ಮುಂಬಯಿಗೆ ಕೊಡಲಾಗಿದ್ದು, ದಕ್ಷಿಣ ಕನ್ನಡವು ಮದರಾಸಿನಲ್ಲಿಯೇ ಉಳಿದಿದ್ದಿತು. ಮುಂದೆ ಉಡುಪಿ, ಮಂಗಳೂರುಗಳಿಂದ ಹೊಟ್ಟೆಪಾಡಿಗಾಗಿ ಮುಂಬಯಿಗೆ ಬಂದವರು, ಅಂಕೋಲೆ ಕುಮಟೆಗಳಿಂದ ಬಂದವರ ನೆರೆಯವರೇ ಆಗಿದ್ದರೂ ಸರಕಾರದ ಲೆಕ್ಕದಲ್ಲಿ ಬೇರೊಂದು ಪ್ರಾಂತದವರಾಗಿದ್ದರು.

ಈ ನಿಯಮಕ್ಕೆ ಅಪವಾದವಾಗಿ ನಿಂತುದು ವಿದ್ಯಾಖಾತೆಯೊಂದೇ. 1854ರ ವುಡ್ ನಿರೂಪದ ಪರಿಣಾಮವಾಗಿ 1855ರಲ್ಲಿ ಮುಂಬಯಿಯಲ್ಲಿ ಈ ಖಾತೆ ಸ್ಥಾಪಿತವಾಯಿತು. ಅದೂ ಪ್ರಾಂತವನ್ನು ವಿಭಾಗಗಳಾಗಿ ಹಂಚಿಕೊಂಡು ಒಬ್ಬೊಬ್ಬ ಇನ್‌ಸ್ಪೆಕ್ಟರನನ್ನು ನೇಮಿಸಿತು. ಆದರೆ ರಸ್ತೆಗೆ, ಕಾಡಿಗೆ, ಕಂದಾಯಕ್ಕೆ ಇಲ್ಲದ ಒಂದು ಬಂಧನ ಶಿಕ್ಷಣಕ್ಕುಂಟು. ಪಾಠವನ್ನು ಯಾವುದಾದರೊಂದು ಭಾಷೆಯಲ್ಲಿಯೇ ಹೇಳಬೇಕು. ಕನ್ನಡ ನಾಡಿನ ಶಾಲೆಗಳಲ್ಲಿ ಮರಾಠಿಯ ಮೂಲಕ ಪಾಠ ನಡೆಯುತ್ತಿದ್ದ ಆ ದಿನಗಳಲ್ಲಿ, ಕನ್ನಡ ಪಠ್ಯಪುಸ್ತಕ, ಕನ್ನಡ ಶಿಕ್ಷಕ, ಶಿಕ್ಷಕರ ತರಬೇತಿಗೆ ಒಂದು ಶಾಲೆ ಇವು ಮೂರನ್ನೂ ಒಟ್ಟಿಗೆ ಕಟ್ಟದೆ ಖಾತೆಯ ಕೆಲಸ ಸಾಗುವಂತಿರಲಿಲ್ಲ. ಡೆಪ್ಯುಟಿ ಚನ್ನಬಸಪ್ಪನವರು, ಇನ್‌ಸ್ಪೆಕ್ಟರ್ ರಸೆಲ್ಲರು ಮೊದಲಾದವರ ಪರಿಶ್ರಮದಿಂದ ಧಾರವಾಡವು ಈ ಕಾರ್ಯದ ಕೇಂದ್ರವಾಯಿತು. ಶಾಸನಸಂಶೋಧಕನೆಂದು ಮುಂದೆ ಖ್ಯಾತನಾದ ಜೆ. ಎಫ್. ಫ್ಲೀಟನೂ 1872ರಲ್ಲಿ ಇದೇ ದಕ್ಷಿಣ ವಿಭಾಗದ ಶಿಕ್ಷಣಾಧಿಕಾರಿಯಾಗಿ ನೇಮಕಗೊಂಡನು. 1882ರಲ್ಲಿ ಪ್ರಕಟವಾದ ಅವನ ಪ್ರಸಿದ್ಧ ಕೃತಿಯು ಮುಂಬಯಿ ಪ್ರಾಂತದ 'ಕನ್ನಡ ಜಿಲ್ಲೆಗಳ' ರಾಜವಂಶಗಳನ್ನು ವಿಷಯವಾಗಿ ಉಳ್ಳದ್ದು. ಆಡಳಿತದ ಪಟ್ಟಿಯಲ್ಲಿ ಇಲ್ಲದಿದ್ದ ಶೀರ್ಷಿಕೆಯು ವಿದ್ವತ್ತಿನ ಪುಟದಲ್ಲಿ ಹೀಗೆ ಕಾಣಿಸಿಕೊಂಡಿತು.

ಧಾರವಾಡದಲ್ಲಿ 1890ರ ಜುಲೈ 20ರಂದು ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿದಾಗ ಅದರ ಹೆಸರಿನಲ್ಲಿಯೇ 'ವಿದ್ಯಾ' ಶಬ್ದವಿದ್ದುದು ಆಕಸ್ಮಿಕವಾಗಿರಲಾರದು. ಕನ್ನಡಿಗರ ಏಕೀಕರಣದ ಭಾವನೆಯು ಮೊದಲು ಶಾಲೆ, ಪುಸ್ತಕ, ಶಿಕ್ಷಕರ ವಲಯದಲ್ಲಿ ಚಿಗುರಿದುದಕ್ಕೆ ಅನೇಕ ಕಾರಣಗಳಿರಬಹುದು. ಕನ್ನಡವು ಕೆಲಸಕ್ಕೆ ಅನಿವಾರ್ಯವಾಗಿದ್ದ ಖಾತೆ ಅದೊಂದೇ ಆಗಿದ್ದಿತೆಂಬುದೂ ಆ ಕಾರಣಗಳಲ್ಲಿ ಒಂದೆಂದು ಎಣಿಸಬೇಕು.

4

ಖಾತೆಗಳನ್ನು ತಪ್ಪಾಗಿ ಸೀಳಿದರೆ ಏನಾಗುತ್ತದೆಂಬುದಕ್ಕೆ 1919ರ ಭಾರತ ಸರಕಾರದ ಕಾಯಿದೆಯು ದೊಡ್ಡ ನಿದರ್ಶನವನ್ನು ಒದಗಿಸಿತು. 1921ರಿಂದ 1937ರವರೆಗೆ ಜಾರಿಯಲ್ಲಿದ್ದ ಈ ದ್ವಿಮುಖ ಪ್ರಭುತ್ವದಲ್ಲಿ ಪ್ರಾಂತ ಸರಕಾರದ ಕೆಲಸಗಳು ಕಾದಿರಿಸಿದವು, ವರ್ಗಾಯಿಸಿದವು ಎಂದು ಇಬ್ಭಾಗವಾದವು. ಭೂಕಂದಾಯ, ಪೋಲೀಸು, ನೀರಾವರಿ, ಹಣಕಾಸು ಗವರ್ನರನ ಕಾರ್ಯಕಾರಿ ಸಭೆಯ ಕೈಯಲ್ಲಿ. ಶಿಕ್ಷಣ, ಕೃಷಿ, ಸಾರ್ವಜನಿಕ ಆರೋಗ್ಯ, ಸ್ಥಾನಿಕ ಸ್ವರಾಜ್ಯ ಜನಪ್ರತಿನಿಧಿಗಳಾದ ಮಂತ್ರಿಗಳ ಕೈಯಲ್ಲಿ.

ಇಲ್ಲಿ ವಿಂಗಡಣೆಗೆ ಆಧಾರವಾದುದು ಕೆಲಸವೂ ಅಲ್ಲ, ಸ್ಥಳವೂ ಅಲ್ಲ. ಯಾರನ್ನು ಎಷ್ಟು ನಂಬಬಹುದೆಂಬ ಆಳುವವರ ಎಣಿಕೆ. ಬೇಸಾಯವು ಮಂತ್ರಿಗೆ ಸೇರಿದ್ದು, ಬೇಸಾಯಕ್ಕೆ ಬೇಕಾದ ನೀರು ಬೇರೊಬ್ಬನಿಗೆ ಸೇರಿದ್ದು ಎಂದಾದ ಮೇಲೆ, ಮಳೆಯನ್ನೇ ನೆಚ್ಚಿದ ವಿಜಾಪುರದಂಥ ಜಿಲ್ಲೆಯ ರೈತನ ಅಹವಾಲು ಯಾವ ಮೇಜನ್ನು ಸೇರಬೇಕು? ನೆರೆಯ ಮದರಾಸಿನಲ್ಲಿ ಮಂತ್ರಿಯಾಗಿದ್ದ ಕೆ. ವಿ. ರೆಡ್ಡಿ ನಾಯುಡುರವರು ತಾವು ನೀರಾವರಿಯಿಲ್ಲದ ಕೃಷಿಮಂತ್ರಿ, ಕಾರಖಾನೆಗಳಿಲ್ಲದ ಕೈಗಾರಿಕಾಮಂತ್ರಿ ಎಂಬ ಅರ್ಥದಲ್ಲಿ ದೂರಿಕೊಂಡುದು ಪ್ರಸಿದ್ಧವಾಗಿದೆ. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು ಎಂಬ ನಾಡಗಾದೆಗೆ ಇದಕ್ಕಿಂತ ಸ್ಪಷ್ಟವಾದ ರಾಜಕೀಯ ದೃಷ್ಟಾಂತ ದೊರೆಯುವುದು ಕಷ್ಟ.

5

ಸಚಿವಾಲಯದಲ್ಲಿ 'ಖಾತೆ'ಯು ಕಾಗದದ ವಿಂಗಡಣೆಯಾಗಿದ್ದರೆ ಗಿರಣಿಯಲ್ಲಿ ಅದು ಮನುಷ್ಯರ ವಿಂಗಡಣೆಯಾಯಿತು. ಕಾವಸಜಿ ನಾನಾಭಾಯಿ ದಾವರರು 1854ರಲ್ಲಿ ಸ್ಥಾಪಿಸಿದ ಗಿರಣಿಯಿಂದ ಮೊದಲಾಗಿ ಗಿರಣಗಾವದ ಎಲ್ಲ ಗಿರಣಿಗಳಲ್ಲಿಯೂ ಕೆಲಸವು ಪ್ರಕ್ರಿಯೆಗನುಸಾರವಾಗಿ ಹಂಚಲ್ಪಟ್ಟಿದ್ದಿತು. ಹತ್ತಿಯನ್ನು ಬಿಡಿಸಿ ಶುದ್ಧಮಾಡುವುದು, ಹಿಂಜುವುದು, ನೂಲುವುದು, ಸುತ್ತುವುದು, ಹಾಸು ಹೂಡಿ ಗಂಜಿ ಹಾಕುವುದು, ನೇಯುವುದು, ಮಡಿಸಿ ಗಂಟುಕಟ್ಟುವುದು, ಹೀಗೆ ಒಂದೊಂದಕ್ಕೂ ಒಂದೊಂದು ಖಾತೆ. ಹತ್ತಿಯು ಒಂದು ಖಾತೆಯಿಂದ ಇನ್ನೊಂದಕ್ಕೆ ಸಲೀಸಾಗಿ ಹರಿಯುತ್ತಿದ್ದಿತು. ಕೆಲಸಗಾರನು ಮಾತ್ರ ಹಾಗೆ ಹರಿಯಲು ಸಾಧ್ಯವಿರಲಿಲ್ಲ.

ಪ್ರತಿಯೊಂದು ಖಾತೆಯಲ್ಲಿಯೂ ಆಳುಗಳನ್ನು ತರುವವನು ಜಾಬರ. ಅವನು ತನ್ನ ಊರು, ತನ್ನ ಜಾತಿ, ತನ್ನ ಬಂಧುವರ್ಗದಿಂದ ಜನರನ್ನು ತರುತ್ತಿದ್ದುದರಿಂದ ಪ್ರಕ್ರಿಯೆಯ ವಿಂಗಡಣೆಯು ಕ್ರಮೇಣ ಸಮುದಾಯದ ವಿಂಗಡಣೆಯಾಗಿ ಗಟ್ಟಿಗೊಂಡಿತು. ಇದರ ಅತ್ಯಂತ ಕ್ರೂರರೂಪ ಕಂಡುಬಂದುದು ನೇಯ್ಗೆಯ ಖಾತೆಯಲ್ಲಿ. ಲಾಳಿಯ ಕಣ್ಣಿನಿಂದ ಎಳೆಯನ್ನು ಬಾಯಿಂದ ಹೀರಿ ತೆಗೆಯುವ ಪದ್ಧತಿ ಇದ್ದುದರಿಂದ, ಎಂಜಲಿನ ನೆಪವನ್ನು ಒಡ್ಡಿ ಅಸ್ಪೃಶ್ಯರೆನಿಸಿಕೊಂಡವರನ್ನು ಆ ಖಾತೆಯಿಂದ ಹೊರಗಿಡಲಾಗುತ್ತಿದ್ದಿತು. ನೇಕಾರನ ಗಳಿಕೆ ಹೆಚ್ಚಿನದು. ಅವರಿಗೆ ಉಳಿದುದು ಕಡಿಮೆ ಗಳಿಕೆಯ ನೂಲಿನ ಖಾತೆ. 1928ರಲ್ಲಿ ಆರು ತಿಂಗಳ ಕಾಲ ನಡೆದ ಮಹಾಮುಷ್ಕರದ ಸಂದರ್ಭದಲ್ಲಿ ಡಾ. ಬಿ. ಆರ್. ಅಂಬೇಡಕರರು ಈ ಅನ್ಯಾಯವನ್ನು ಮುಂದಿಟ್ಟು, ನೇಯ್ಗೆಯ ಖಾತೆಯ ಬಾಗಿಲು ಎಲ್ಲರಿಗೂ ತೆರೆಯಬೇಕೆಂದು ಆಗ್ರಹಪಡಿಸಿದರು.

ಈ ಘಟನೆಯಿಂದ ಹೊರಡುವ ಸಿದ್ಧಾಂತವು ಆಡಳಿತಶಾಸ್ತ್ರದ ಗ್ರಂಥಗಳಲ್ಲಿ ಎದ್ದು ಕಾಣುವಂಥದಲ್ಲ. ಇಲಾಖೆಯ ಗೋಡೆಯು ಕೆಲಸದ ಅನುಕೂಲಕ್ಕಾಗಿ ಎದ್ದರೂ, ಸಮಾಜದಲ್ಲಿ ಮೊದಲೇ ಇರುವ ಗೋಡೆಗಳು ಅದರ ಮೇಲೆ ಬಂದು ಕುಳಿತುಕೊಳ್ಳುತ್ತವೆ. ಅನಂತರ ಯಾವುದು ಯಂತ್ರದ ಅಗತ್ಯ, ಯಾವುದು ಮನುಷ್ಯನ ಪೂರ್ವಗ್ರಹ ಎಂಬುದನ್ನು ಬಿಡಿಸಿ ಹೇಳುವುದು ಕಠಿನವಾಗುತ್ತದೆ.

6

ರೈಲ್ವೆಯ ಚರಿತ್ರೆಯು ಇನ್ನೊಂದು ಬಗೆಯ ಪಾಠವನ್ನು ಹೇಳುತ್ತದೆ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಮೊದಲ ಗಾಡಿಯನ್ನು ಓಡಿಸಿದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯು ದೀರ್ಘಕಾಲ ಕಾರ್ಯಾನುಸಾರಿಯಾದ ರಚನೆಯನ್ನೇ ಅನುಸರಿಸಿತು. ಸಂಚಾರ, ಇಂಜಿನಿಯರಿಂಗ್, ಲೋಕೋ ಎಂಬ ಖಾತೆಗಳಿಗೆ ಮುಂಬಯಿಯಲ್ಲಿ ಪ್ರತ್ಯೇಕ ಮುಖ್ಯಸ್ಥರು. ಮಾರ್ಗದ ಮೇಲೆ ದೂರದೂರಿನಲ್ಲಿರುವ ಪ್ರತಿಯೊಬ್ಬ ಅಧಿಕಾರಿಯೂ ಪಕ್ಕದ ಕೋಣೆಯಲ್ಲಿರುವ ಸಹೋದ್ಯೋಗಿಗೆ ಅಲ್ಲ, ನೂರಾರು ಮೈಲಿ ಆಚೆಯ ತನ್ನ ಮುಖ್ಯಸ್ಥನಿಗೆ ಉತ್ತರವಾದಿ. ಒಂದು ಗಾಡಿ ತಡವಾದರೆ ಅದಕ್ಕೆ ಹಳಿ ಕಾರಣವೋ, ಎಂಜಿನ್ ಕಾರಣವೋ, ಸಂಕೇತ ಕಾರಣವೋ ಎಂಬ ವಾದವು ಮೂರು ಖಾತೆಗಳ ಮೂಲಕ ಮೇಲೇರಿ ಮುಂಬಯಿಯಲ್ಲಿ ಮಾತ್ರ ಸಂಧಿಸಬೇಕಾಗಿದ್ದಿತು.

1922ರಲ್ಲಿ ಈ ರೈಲ್ವೆಯು ಕ್ರಮವನ್ನು ತಿರುಗಿಸಿ ವಿಭಾಗೀಯ ಪದ್ಧತಿಯನ್ನು ಅಂಗೀಕರಿಸಿತು. ಮಾರ್ಗದ ಒಂದು ಭಾಗಕ್ಕೆ ಒಬ್ಬ ವಿಭಾಗಾಧಿಕಾರಿ; ಆ ಭಾಗದಲ್ಲಿ ಎಲ್ಲ ಖಾತೆಗಳ ಕೆಲಸವೂ ಅವನ ಕಣ್ಣಳತೆಯಲ್ಲಿ. 1951ರ ನವೆಂಬರ್ 5ರಂದು ಮಧ್ಯ ರೈಲ್ವೆ, ಪಶ್ಚಿಮ ರೈಲ್ವೆಗಳು ರಚಿತವಾದ ಮೇಲೆ ಈ ಪದ್ಧತಿಯೇ ಸಾರ್ವತ್ರಿಕವಾಗುತ್ತ ಬಂದಿತು. ಆದರೆ ಸ್ಥಳಾನುಸಾರಿಯಾದ ರಚನೆಯ ಒಳಗೂ ಖಾತೆಗಳ ಅಭಿಮಾನ ಅಳಿಯಲಿಲ್ಲ. ರೈಲ್ವೆಯ ಬೇರೆ ಬೇರೆ ಸೇವಾವರ್ಗಗಳ ನಡುವಣ ಸ್ಪರ್ಧೆಯನ್ನು ನಿವಾರಿಸುವ ಸಲುವಾಗಿ ಎಂಟು ಸೇವೆಗಳನ್ನು ಒಂದಾಗಿ ಕೂಡಿಸುವ ನಿರ್ಣಯವನ್ನು ಕೇಂದ್ರ ಸರಕಾರವು 2019ರ ಡಿಸೆಂಬರಿನಲ್ಲಿ ಕೈಗೊಳ್ಳಬೇಕಾಯಿತು. ನೂರು ವರ್ಷಗಳ ಹಿಂದಿನ ಪ್ರಶ್ನೆ ಹೊಸ ಹೆಸರಿನಿಂದ ಮತ್ತೆ ಬಾಗಿಲು ತಟ್ಟಿತೆಂದೇ ಹೇಳಬೇಕು.

ಸ್ಥಳಾನುಸಾರಿಯಾದ ವಿಂಗಡಣೆಗೆ ತನ್ನದೇ ಆದ ದೋಷವೂ ಉಂಟು. ಗಡಿ ಎಲ್ಲಿ ಬೀಳುವುದೋ ಅಲ್ಲಿಯ ಜನ ಯಾರಿಗೂ ಸೇರದವರಾಗುತ್ತಾರೆ. ಮುಂಬಯಿಯ ಕರಾವಳಿ ಕನ್ನಡಿಗರಿಗೆ ಇದು ಅನುಭವಸಿದ್ಧವಾದ ವಿಷಯ. 1998ರ ಜನವರಿ 26ರಂದು ಕೊಂಕಣ ರೈಲ್ವೆಯ ಮಾರ್ಗವು ಪೂರ್ಣವಾಗಿ ತೆರೆದಾಗ, ಊರಿಗೆ ಹೋಗುವ ಗಾಡಿಯು ರೋಹೆಯವರೆಗೆ ಮಧ್ಯ ರೈಲ್ವೆಯ ಹಳಿಯ ಮೇಲೆ, ಅಲ್ಲಿಂದ ತೋಕೂರಿನವರೆಗೆ ಕೊಂಕಣ ರೈಲ್ವೆ ನಿಗಮದ ಹಳಿಯ ಮೇಲೆ, ಮಂಗಳೂರಿನ ಕೊನೆಯ ಕೆಲವು ಮೈಲಿಗಳಲ್ಲಿ ದಕ್ಷಿಣ ರೈಲ್ವೆಯ ಪಾಲಕ್ಕಾಡು ವಿಭಾಗದ ಹಳಿಯ ಮೇಲೆ ಓಡತೊಡಗಿತು. 2003ರಲ್ಲಿ ಹುಬ್ಬಳ್ಳಿಯನ್ನು ಕೇಂದ್ರವಾಗಿಸಿ ನೈಋತ್ಯ ರೈಲ್ವೆ ಹುಟ್ಟಿದ ಮೇಲೆ ಘಟ್ಟದ ಮಾರ್ಗವು ಅದರ ಮೈಸೂರು ವಿಭಾಗಕ್ಕೆ ಸೇರಿತು. ಮೂರು ಆಡಳಿತಗಳ ಅಂಚುಗಳು ಮಂಗಳೂರಿನ ಸುತ್ತ ಸಂಧಿಸಿದವು. ಹೊಸ ಗಾಡಿಗಾಗಿ, ಹೆಚ್ಚಿನ ಬೋಗಿಗಾಗಿ ಅರ್ಜಿ ಹೊತ್ತವರು ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆಯಬೇಕಾದುದಕ್ಕೆ ಯಾವೊಬ್ಬ ಅಧಿಕಾರಿಯ ದುರುದ್ದೇಶವೂ ಕಾರಣವಲ್ಲ. ಪ್ರತಿಯೊಂದು ಕೇಂದ್ರಕ್ಕೂ ಮಂಗಳೂರು ಅಂಚಾಗಿದ್ದುದೇ ಕಾರಣ.

7

ಬೋರಿಬಂದರಿನ ನಿಲ್ದಾಣಕ್ಕೆ ಎದುರಾಗಿ ನಗರಪಾಲಿಕೆಯ ಭವನವಿದೆ. ಎರಡನ್ನೂ ರೂಪಿಸಿದವನು ಎಫ್. ಡಬ್ಲ್ಯು. ಸ್ಟೀವನ್ಸ್ ಎಂಬ ಒಬ್ಬನೇ ಶಿಲ್ಪಿ. ರಸ್ತೆಯ ಆ ಬದಿಯ ಸಮಸ್ಯೆಯು ಈ ಬದಿಯಲ್ಲಿಯೂ ಇದ್ದಿತು.

1865ರ ಕಾಯಿದೆಯು ನಗರದ ಕಾರ್ಯಾಧಿಕಾರವನ್ನು ಒಬ್ಬ ಕಮಿಷನರನ ಕೈಗೆ ಕೊಟ್ಟಿತು; ಆರ್ಥರ್ ಕ್ರಾಫರ್ಡನು ಆ ಸ್ಥಾನದಲ್ಲಿ ಕುಳಿತನು. 1872ರ ಮತ್ತು 1888ರ ಕಾಯಿದೆಗಳು ಜನಪ್ರತಿನಿಧಿಗಳ ಅಂಕೆಯನ್ನು ಹೆಚ್ಚಿಸಿದರೂ ಕಮಿಷನರನ ಕಾರ್ಯಾಧಿಕಾರವನ್ನು ಉಳಿಸಿಕೊಂಡವು. ಅವನ ಕೈಕೆಳಗೆ ಆರೋಗ್ಯ, ಜಲಸರಬರಾಜು, ಕರನಿರ್ಧಾರ ಮುಂತಾದ ಕೇಂದ್ರ ಶಾಖೆಗಳೂ, ಅಕ್ಷರಗಳಿಂದ ಗುರುತಿಸಲ್ಪಟ್ಟ ವಾರ್ಡುಗಳೂ ಬೆಳೆದವು. ನೀರಿನ ಕೆಲಸಕ್ಕೆ ವಾರ್ಡಿನ ಎಲ್ಲೆ ಪ್ರಯೋಜನವಿಲ್ಲ. 1860ರ ವಿಹಾರ, 1879ರ ತುಳಸಿ, 1892ರ ತಾನಸಾ ಕೆರೆಗಳಿಂದ ಹೊರಟ ಕೊಳವೆಗಳು ಇಡೀ ನಗರವನ್ನು ಒಂದೆಂದೇ ಬಗೆಯುತ್ತವೆ. ಕಸದ ಕೆಲಸಕ್ಕಾದರೋ ಓಣಿಯ ಪರಿಚಯವಿಲ್ಲದೆ ನಡೆಯದು. ಆದ್ದರಿಂದ ಎರಡು ಕ್ರಮಗಳೂ ಒಟ್ಟಿಗೆ ಉಳಿದವು. ಕೌಟಿಲ್ಯನ ಅಧ್ಯಕ್ಷನೂ ಗೋಪನೂ ಮುಂಬಯಿಯಲ್ಲಿ ಮತ್ತೆ ಭೇಟಿಯಾದರು.

ಅವರ ಸಂಬಂಧವು ಪರೀಕ್ಷೆಗೆ ಒಳಗಾದುದು 1896ರಲ್ಲಿ. ಆ ಸಪ್ಟೆಂಬರಿನಲ್ಲಿ ಮಾಂಡವಿಯಲ್ಲಿ ಡಾ. ಅಕಾಸಿಯೊ ವಿಯೆಗಾಸರು ಪ್ಲೇಗನ್ನು ಗುರುತಿಸಿದರು. ರೋಗವು ಆರೋಗ್ಯ ಶಾಖೆಯದು, ಮನೆಯ ಕತ್ತಲೆ ಕಟ್ಟಡ ಶಾಖೆಯದು, ಚರಂಡಿ ಇನ್ನೊಬ್ಬರದು, ಓಡಿಹೋಗುತ್ತಿದ್ದ ಜನರಿಂದ ತುಂಬಿದ ನಿಲ್ದಾಣ ರೈಲ್ವೆಯದು, ಬಂದರು 1873ರಲ್ಲಿ ಸ್ಥಾಪಿತವಾದ ಪೋರ್ಟ್ ಟ್ರಸ್ಟಿನದು. ಪ್ಲೇಗಿಗೆ ಮಾತ್ರ ಈ ಎಲ್ಲೆಗಳ ಗೊಡವೆಯಿರಲಿಲ್ಲ. 1897ರ ಮಾರ್ಚಿಯಲ್ಲಿ ಸರಕಾರವು ಸೇನಾನಿ ಗಟೇಕರನ ಅಧ್ಯಕ್ಷತೆಯಲ್ಲಿ ಪ್ಲೇಗ್ ಸಮಿತಿಯನ್ನು ನೇಮಿಸಿ ಎಲ್ಲ ಅಧಿಕಾರವನ್ನೂ ಅದಕ್ಕೆ ಒಪ್ಪಿಸಿತು. ಸಂಕಟಕಾಲದಲ್ಲಿ ಖಾತೆಗಳು ಕರಗಿ ಒಂದು ಸ್ಥಳಕ್ಕೆ ಒಬ್ಬನೇ ಒಡೆಯನಾಗುವ ಈ ಕ್ರಮ ಹೊಸದಲ್ಲ; 1876–78ರ ಬರದಲ್ಲಿ ಕಲಾದಗಿ ಮೊದಲಾದ ಕನ್ನಡ ಜಿಲ್ಲೆಗಳ ಕಲೆಕ್ಟರರೂ ಕಾಮಗಾರಿ, ಧಾನ್ಯ, ಆರೋಗ್ಯಗಳನ್ನು ಒಟ್ಟಿಗೆ ನೋಡಬೇಕಾಗಿದ್ದಿತು. ಆದರೆ ಎಲ್ಲವನ್ನೂ ಒಂದೇ ಕೈಗೆ ಕೊಟ್ಟುದರಿಂದ ಎಲ್ಲವೂ ಸರಿಹೋಗಲಿಲ್ಲ. ಮನೆಗಳಿಗೆ ನುಗ್ಗಿ ರೋಗಿಗಳನ್ನು ಹುಡುಕುವ, ಆಸ್ಪತ್ರೆಗೆ ಒಯ್ಯುವ ಕ್ರಮಗಳ ವಿರುದ್ಧ ಜನರ ರೋಷ ಬೆಳೆದು 1898ರ ಮಾರ್ಚಿಯಲ್ಲಿ ಗಲಭೆ ನಡೆಯಿತು. ಹಲವು ಕೈಗಳಿದ್ದಾಗ ಕೆಲಸ ನಿಂತಿತು. ಒಂದೇ ಕೈಯಾದಾಗ ಕೇಳುವವರಿಲ್ಲದಂತಾಯಿತು.

ಅದೇ 1898ರಲ್ಲಿ ಹುಟ್ಟಿದ ಸುಧಾರಣಾ ಟ್ರಸ್ಟು ಉದ್ದೇಶಾನುಸಾರಿಯಾದ ಮೂರನೆಯ ಬಗೆಯ ಸಂಸ್ಥೆ. ಕಿಕ್ಕಿರಿದ ಕೇರಿಗಳನ್ನು ತೆರವುಮಾಡಿ, ಅಗಲವಾದ ಬೀದಿಗಳನ್ನೂ ಹೊಸ ವಸತಿಗಳನ್ನೂ ನಿರ್ಮಿಸುವುದೊಂದೇ ಅದರ ಗುರಿ. ದಾದರ್, ಮಾಟುಂಗಾಗಳ ಯೋಜಿತ ಬಡಾವಣೆಗಳು ಅದರ ಕೃತಿ. ದಕ್ಷಿಣದವರ, ಅವರಲ್ಲಿ ಕನ್ನಡಿಗರ, ನೆಲೆಯೆಂದು ಮಾಟುಂಗಾ ಹೆಸರಾದುದು ಅದರ ಅನಂತರದ ಮಾತು. ಬೀದಿ ಟ್ರಸ್ಟಿನದು, ನೀರು ನಗರಪಾಲಿಕೆಯದು ಎಂಬ ಇಬ್ಬಂದಿತನ ಬಹುಕಾಲ ನಡೆದು 1933ರಲ್ಲಿ ಟ್ರಸ್ಟು ನಗರಪಾಲಿಕೆಯಲ್ಲಿ ವಿಲೀನವಾಯಿತು.

ನಗರವು 1950ರಲ್ಲಿ ಉಪನಗರಗಳವರೆಗೆ, 1957ರಲ್ಲಿ ದಹಿಸರ, ಮುಲುಂಡಗಳವರೆಗೆ ಹಿಗ್ಗಿದಾಗ ವಾರ್ಡುಗಳು ಬೆಳೆದವು. ಅವುಗಳ ಜೊತೆಗೆ ಸಂದುಗಳೂ ಬೆಳೆದವು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ಮೀಠೀ ನದಿಯು ಉಕ್ಕಿದಾಗ, ಸುಮಾರು 18 ಕಿಲೋಮೀಟರ್ ಉದ್ದದ ಆ ಚಿಕ್ಕ ನದಿಗೆ ಒಬ್ಬ ಒಡೆಯನೇ ಇರಲಿಲ್ಲವೆಂಬುದು ಲೋಕಕ್ಕೆ ತಿಳಿಯಿತು. ಆ ಬಳಿಕ ನದಿಗಾಗಿ ಒಂದು ಪ್ರಾಧಿಕಾರವನ್ನು ರಚಿಸಲಾಯಿತಾದರೂ ದಂಡೆಯ ಕಾಮಗಾರಿಯನ್ನು ಮತ್ತೆ ನಗರಪಾಲಿಕೆ ಮತ್ತು ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರಗಳ ನಡುವೆ ಹಂಚಲಾಯಿತು. ನದಿಯು ಒಂದಾಗಿ ಹರಿಯಿತು. ಕಡತವು ಎರಡಾಗಿ ಹರಿಯಿತು.

8

ಅರಿಸ್ಟಾಟಲನು ಹೇಳಿದ ಮೂರನೆಯ ಆಧಾರ, ಎಂದರೆ ಜನವರ್ಗ, ಮುಂಬಯಿಯಲ್ಲಿ ಭಾಷೆಯ ರೂಪದಲ್ಲಿ ಕಾಣಿಸಿಕೊಂಡಿತು. ನಗರಪಾಲಿಕೆಯ ಶಿಕ್ಷಣ ಶಾಖೆಯು ಮರಾಠಿ, ಹಿಂದಿ, ಉರ್ದು, ಗುಜರಾತಿ, ಇಂಗ್ಲಿಷ್, ತಮಿಳು, ತೆಲುಗುಗಳೊಡನೆ ಕನ್ನಡ ಮಾಧ್ಯಮದ ಶಾಲೆಗಳನ್ನೂ ನಡೆಸುತ್ತ ಬಂದಿದೆ. ಪರನಾಡಿನ ನಗರವೊಂದು ತನ್ನ ತೆರಿಗೆಯ ಹಣದಿಂದ ಕನ್ನಡ ಶಾಲೆಯನ್ನು ನಡೆಸುವುದು ಉದಾರವಾದ ಸಂಪ್ರದಾಯವೆಂಬುದನ್ನು ಒಪ್ಪಲೇಬೇಕು. ಆದರೆ ಕನ್ನಡ ಶಾಲೆಯು ಯಾವ ವಾರ್ಡಿನಲ್ಲಿಯೂ ಬಹುಸಂಖ್ಯಾತವಲ್ಲ. ವಾರ್ಡಿನ ದೃಷ್ಟಿಯಿಂದ ನೋಡಿದರೆ ಅದೊಂದು ಅರ್ಧ ತುಂಬಿದ ಕೊಠಡಿ. ಭಾಷೆಯ ದೃಷ್ಟಿಯಿಂದ ನೋಡಿದರೆ ಮಾತ್ರ ಅದು ಒಂದು ಪರಂಪರೆಯ ಕೊಂಡಿ. ಯಾವ ಪಟ್ಟಿಯಲ್ಲಿ ಎಣಿಸಲಾಗುತ್ತದೆಂಬುದರ ಮೇಲೆ ಅದರ ಅಳಿವು ಉಳಿವು ನಿಂತಿದೆ. ಜನವರ್ಗಾನುಸಾರಿಯಾದ ವ್ಯವಸ್ಥೆಯು ಕಚೇರಿಗಳನ್ನು ಚೂರುಚೂರಾಗಿಸುವುದೆಂದು ಹಾಲ್ಡೇನ್ ಸಮಿತಿ ಶಂಕಿಸಿದ್ದಿತು. ಆ ಶಂಕೆ ನಿರಾಧಾರವಲ್ಲ. ಆದರೆ ಅಲ್ಪಸಂಖ್ಯಾತರ ಕೆಲಸವು ಅಂಥ ಚೂರಿನಲ್ಲಿ ಮಾತ್ರ ಕಣ್ಣಿಗೆ ಬೀಳುತ್ತದೆಂಬ ಮಾತು ಅದರ ಗಮನಕ್ಕೆ ಬಂದಂತಿಲ್ಲ.

ಹೊತ್ತನ್ನು ಆಧಾರವಾಗಿ ಇಟ್ಟುಕೊಂಡ ಇನ್ನೊಂದು ವಿಂಗಡಣೆಯೂ ಇದ್ದಿತು. ಅದನ್ನು ಕಂಡುಕೊಂಡವರು ಸರಕಾರದವರಲ್ಲ, ಕನ್ನಡಿಗರು. ಹಗಲು ಹೊಟೇಲಿನಲ್ಲಿ ದುಡಿಯುವ ಹುಡುಗನು ಯಾವ ಶಿಕ್ಷಣಾಧಿಕಾರಿಯ ಪಟ್ಟಿಯಲ್ಲಿಯೂ ಇರಲಿಲ್ಲ. ದುಡಿಮೆಯ ಕಾಯಿದೆಗೆ ಅವನು ಕೆಲಸಗಾರ, ಶಾಲೆಯ ಕಾಯಿದೆಗೆ ಅವನು ಗೈರುಹಾಜರು. ಈ ಸಂದಿನಲ್ಲಿಯೇ ಮುಂಬಯಿಯ ಕನ್ನಡ ರಾತ್ರಿಶಾಲೆಗಳು ಹುಟ್ಟಿದವು. 1902ರಲ್ಲಿ ಸ್ಥಾಪಿತವಾದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ಆ ಕೆಲಸವನ್ನು ಕೈಗೆತ್ತಿಕೊಂಡವು. ಒಂದೇ ಹುಡುಗನನ್ನು ಹಗಲಿಗೂ ರಾತ್ರಿಗೂ ಹಂಚಿ, ಎರಡು ಖಾತೆಗಳು ಬಿಟ್ಟುಕೊಟ್ಟುದನ್ನು ಒಂದು ಸಂಘವು ಎತ್ತಿಕೊಂಡಿತು.

9

1956ರ ನವೆಂಬರ್ 1ರಂದು ಬೆಳಗಾಂವಿ (ಚಂದಗಡ ತಾಲೂಕನ್ನು ಬಿಟ್ಟು), ವಿಜಾಪುರ, ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿಯಿಂದ ಬೇರ್ಪಟ್ಟು ಮೈಸೂರು ರಾಜ್ಯಕ್ಕೆ ಸೇರಿದವು. ಹೈದರಾಬಾದು, ಮದರಾಸು, ಕೊಡಗುಗಳಿಂದ ಬಂದ ಭಾಗಗಳೂ ಕೂಡಿದ್ದರಿಂದ ಐದು ಆಡಳಿತಗಳ ಅಭ್ಯಾಸಗಳನ್ನು ಒಂದಾಗಿ ಹೆಣೆಯಬೇಕಾಯಿತು. ಬೆಂಗಳೂರಿನ 'ಇಲಾಖೆ'ಯು ಧಾರವಾಡದ 'ಖಾತೆ'ಯನ್ನು ಬಹುಮಟ್ಟಿಗೆ ನುಂಗಿತು. 'ಖಾತೆ'ಯು ಮಂತ್ರಿಗಳಿಗೆ ಹಂಚುವ ಅಧಿಕಾರದ ಹೆಸರಾಗಿ ಉಳಿಯಿತು. ಸ್ಥಳವಾಚಕವಾದ 'ವಿಭಾಗ'ವೂ ಅಳಿಯಲಿಲ್ಲ. ಬೆಳಗಾವಿ, ಕಲಬುರಗಿ, ಬೆಂಗಳೂರು, ಮೈಸೂರು ಎಂಬ ನಾಲ್ಕು ಕಂದಾಯ ವಿಭಾಗಗಳು ಕರ್ನಾಟಕದಲ್ಲಿ ಇಂದಿಗೂ ಇವೆ. ಯಾವ ಪ್ರಾಂತದ ಪಟ್ಟಿಯಲ್ಲಿಯೂ ಒಂದು ಶೀರ್ಷಿಕೆಯಾಗಿರದ ಕನ್ನಡವು ಈಗ ಒಂದು ರಾಜ್ಯದ ಶೀರ್ಷಿಕೆಯೇ ಆಯಿತು. ಆದರೆ ಮುಂಬಯಿಯಲ್ಲಿ ಉಳಿದ ಕನ್ನಡಿಗರು ಆ ದಿನದಿಂದ ಎರಡು ರಾಜ್ಯಗಳ ನಡುವಣ ಸಂದಿನಲ್ಲಿ ನಿಂತರೆಂಬುದನ್ನೂ ಮರೆಯಲಾಗದು. ಮುಂಬಯಿ ವಿಶ್ವವಿದ್ಯಾಲಯದಲ್ಲಿ ಕನ್ನಡಕ್ಕೆ ಸ್ವತಂತ್ರ ವಿಭಾಗವು 1978ರಲ್ಲಿ ದೊರೆತುದು ಆ ಸಂದಿನಲ್ಲಿ ಹಚ್ಚಿದ ಒಂದು ದೀಪ.

ಇಷ್ಟು ವಿಷಯಗಳನ್ನು ಒಟ್ಟುಗೂಡಿಸಿ ನೋಡಿದರೆ ತಿಳಿದುಬರುವುದಿಷ್ಟು. ಕೆಲಸವನ್ನು ಹಂಚದೆ ಯಾವ ಸಂಸ್ಥೆಯೂ ನಡೆಯದು; ದೋಷರಹಿತವಾದ ಹಂಚಿಕೆಯೂ ಇಲ್ಲ. ಕಾರ್ಯದಿಂದ ಹಂಚಿದರೆ ಪರಿಣತಿ ಬೆಳೆಯುತ್ತದೆ, ಊರು ಮರೆಯಾಗುತ್ತದೆ. ಸ್ಥಳದಿಂದ ಹಂಚಿದರೆ ಊರು ಕಾಣುತ್ತದೆ, ಗಡಿಯ ಜನ ಮರೆಯಾಗುತ್ತಾರೆ. ಜನವರ್ಗದಿಂದ ಹಂಚಿದರೆ ದುರ್ಬಲರಿಗೆ ಒಂದು ಬಾಗಿಲು ದೊರೆಯುತ್ತದೆ, ಆದರೆ ಅದೇ ಬಾಗಿಲು ಗಿರಣಿಯ ನೇಯ್ಗೆಯ ಖಾತೆಯಲ್ಲಿ ಆದಂತೆ ಮುಚ್ಚಲೂ ಬಲ್ಲದು. ಆದ್ದರಿಂದ ಒಂದು ಆಡಳಿತವನ್ನು ಪರೀಕ್ಷಿಸುವಾಗ ಅದರ ಇಲಾಖೆಗಳೆಷ್ಟು, ಅವುಗಳ ಹೆಸರೇನು ಎಂದು ಕೇಳಿದರೆ ಸಾಲದು. ಎರಡು ಇಲಾಖೆಗಳ ನಡುವಣ ಸಂದಿನಲ್ಲಿ ಬಿದ್ದ ಕೆಲಸವನ್ನು ಎತ್ತಿಕೊಳ್ಳುವ ಹೊಣೆ ಯಾರದೆಂದು ಕೇಳಬೇಕು. ಮುಂಬಯಿಯಲ್ಲಿ ಆ ಹೊಣೆಯನ್ನು ಬಹುಕಾಲ ಹೊತ್ತುಕೊಂಡು ಬಂದವು ರಾತ್ರಿಶಾಲೆಗಳು, ವಾಚನಾಲಯಗಳು, ಜಾತಿ ಪ್ರಾಂತಗಳ ಹೆಸರಿನಲ್ಲಿ ಹುಟ್ಟಿ ಕ್ರಮೇಣ ಎಲ್ಲರವೂ ಆದ ಕನ್ನಡ ಸಂಘಗಳು. 'ಇಲಾಖೆ' ಎಂಬ ಶಬ್ದವು ತನ್ನ ಮೂಲದಲ್ಲಿ 'ಸಂಬಂಧ'ವೆಂಬ ಅರ್ಥವನ್ನೇ ಹೊಂದಿದ್ದಿತು. ಕಚೇರಿಗಳು ಆ ಅರ್ಥವನ್ನು ಕಳೆದುಕೊಂಡಲ್ಲೆಲ್ಲ ಸಂಘಗಳು ಅದನ್ನು ಉಳಿಸಿಕೊಳ್ಳಬೇಕಾಯಿತು.